ಮಹಾಕುಸಿತದ ಕಾಲದಲ್ಲಿ ಅಮೆರಿಕ ಸರ್ಕಾರ ಮಾಡಿದ್ದೇನು? ದಾವಣಗೆರೆಯಿಂದ ನೋಡಿದರೆ

ದಾವಣಗೆರೆಯಲ್ಲಿ ಟೀ ಅಂಗಡಿ ಮುಂದೆ ನಾಲ್ಕು ಜನ ಸೇರಿದರೆ ಸರ್ಕಾರದ ಯೋಜನೆಗಳ ಮಾತು ಬಂದೇ ಬರುತ್ತದೆ. ಬಡವರ ಕೈಗೆ ನಾಲ್ಕು ಕಾಸು ಬಂದರೆ ಒಳ್ಳೇದೇ ಅಲ್ವಾ ಅಂತ ಒಬ್ಬರು. ಬಿಟ್ಟಿ ಕೊಟ್ಟರೆ ಹೊಲಕ್ಕೆ ಆಳು ಸಿಗಲ್ಲ ಅಂತ ಇನ್ನೊಬ್ಬರು. ಇದೇ ಜಗಳ 1933ರಲ್ಲಿ ಅಮೆರಿಕದಲ್ಲೂ ನಡೆದಿತ್ತು, ಇನ್ನೂ ಜೋರಾಗಿ. ಆಗ ಅಲ್ಲಿ ಮಹಾಕುಸಿತ, ಅಂದರೆ ವ್ಯಾಪಾರ, ಕೆಲಸ, ಬೆಲೆ ಎಲ್ಲ ಒಟ್ಟಿಗೆ ಬಿದ್ದ ಕಾಲ; ಕೆಲಸ ಮಾಡಬಲ್ಲ ಪ್ರತಿ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಆ ಹೊತ್ತಿನಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್ವೆಲ್ಟ್ ಸರ್ಕಾರ ತಂದ ಯೋಜನೆ, ಕಾನೂನುಗಳ ದೊಡ್ಡ ಕಂತೆಗೆ ನ್ಯೂ ಡೀಲ್ ಅಂತ ಹೆಸರು. ಶಾಲೆ ಪುಸ್ತಕದಲ್ಲಿ ಅದರ ಬಗ್ಗೆ ಒಂದು ಪ್ಯಾರಾ ಇರುತ್ತದೆ. ಪರೀಕ್ಷೆ ಮುಗಿದ ಮೇಲೆ ಮರೆತೂ ಹೋಗುತ್ತದೆ.

ಅದನ್ನು ಅರ್ಥ ಮಾಡಿಕೊಳ್ಳೋಕೆ ಮೊದಲು ಒಂದು ಗೆರೆ ಎಳೆದುಕೊಳ್ಳಬೇಕು. ಒಂದು ಕಡೆ ಪರಿಹಾರ, ಇನ್ನೊಂದು ಕಡೆ ಸುಧಾರಣೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಇದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಗೋಶಾಲೆ ತೆರೆದು ದನಕ್ಕೆ ಮೇವು ಹಾಕುವುದು ಪರಿಹಾರ. ಮುಂದಿನ ಬರದಲ್ಲಿ ಗೋಶಾಲೆಯೇ ಬೇಕಾಗದ ಹಾಗೆ ಕೆರೆಗೆ ನೀರು ಬರುವಂತೆ ಮಾಡುವುದು ಸುಧಾರಣೆ. ಹಸಿದ ದನದ ಮುಂದೆ ಕಾಲುವೆ ನಕ್ಷೆ ಹಿಡಿದರೆ ಪ್ರಯೋಜನ ಇಲ್ಲ. ವರ್ಷ ವರ್ಷವೂ ಮೇವೇ ಹಾಕುತ್ತಿದ್ದರೆ ಅದೂ ಸಾಲದು. ನ್ಯೂ ಡೀಲ್ ಈ ಎರಡನ್ನೂ ಒಟ್ಟೊಟ್ಟಿಗೆ ಮಾಡಲು ಹೋಯಿತು. ಕೆಲವು ಕಡೆ ಗೆದ್ದಿತು, ಕೆಲವು ಕಡೆ ಸೋತಿತು, ಕೆಲವು ಕಡೆ ತೀರಾ ಬಡವರನ್ನೇ ಹೊರಗೆ ಬಿಟ್ಟಿತು. ನನ್ನ ಮಟ್ಟಿಗೆ ಕೊನೆಯದ್ದೇ ಮುಖ್ಯ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆಗಿದ್ದೇನು ನೋಡೋಣ. 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಷೇರುಪೇಟೆ ಬಿತ್ತು. ಸಾಲ ಮಾಡಿ ಷೇರು ಕೊಂಡವರು ಮುಳುಗಿದರು. ಅಷ್ಟಕ್ಕೇ ನಿಂತಿದ್ದರೆ ಸುಧಾರಿಸಿಕೊಳ್ಳಬಹುದಿತ್ತು. ಆದರೆ ಮುಂದಿನ ಮೂರ್ನಾಲ್ಕು ವರ್ಷದಲ್ಲಿ ಸುಮಾರು 9,000 ಬ್ಯಾಂಕುಗಳು ಬಾಗಿಲು ಹಾಕಿದವು, ಅವುಗಳ ಜೊತೆಗೆ ಜನ ಇಟ್ಟ ದುಡ್ಡೂ ಹೋಯಿತು. ಇನ್ನೊಂದು ಕಡೆ ಎಲ್ಲದರ ಬೆಲೆ ಇಳಿಯತೊಡಗಿತು. ಬೆಲೆ ಇಳಿದರೆ ಒಳ್ಳೇದು ತಾನೇ ಅಂತ ಅನಿಸಬಹುದು. ಸಾಲ ಇದ್ದವರಿಗೆ ಅದಕ್ಕಿಂತ ದೊಡ್ಡ ಕಷ್ಟ ಇಲ್ಲ. ಅಮೆರಿಕದ ರೈತನಿಗೆ 1929ರಲ್ಲಿ ಪೌಂಡ್ ಹತ್ತಿಗೆ ಸುಮಾರು 17 ಸೆಂಟ್ ಸಿಗುತ್ತಿತ್ತು, 1931-32ರ ಹೊತ್ತಿಗೆ ಅದು 6 ಸೆಂಟ್ ಆಸುಪಾಸಿಗೆ ಬಂದಿತ್ತು. ಇದನ್ನು ನಮ್ಮ ಮೆಕ್ಕೆಜೋಳಕ್ಕೆ ಹಾಕಿ ನೋಡಿ. ಕ್ವಿಂಟಲ್‌ಗೆ 2,100 ರೂಪಾಯಿ ಇದ್ದಾಗ ಒಬ್ಬ ರೈತ 1,05,000 ರೂಪಾಯಿ ಸಾಲ ಮಾಡಿದ ಅಂತಿಟ್ಟುಕೊಳ್ಳಿ. ತೀರಿಸೋಕೆ 50 ಕ್ವಿಂಟಲ್ ಮಾರಿದರೆ ಸಾಕು. ರೇಟ್ 700ಕ್ಕೆ ಬಿದ್ದರೆ ಅದೇ ಸಾಲಕ್ಕೆ 150 ಕ್ವಿಂಟಲ್ ಮಾರಬೇಕು. ಹೊಲ ಅಷ್ಟೇ, ಮಳೆ ಅಷ್ಟೇ, ಸಾಲದ ಅಂಕಿಯೂ ಅಷ್ಟೇ. ಆದರೆ ಸಾಲ ಮೂರು ಪಟ್ಟಾಗಿದೆ. ಬಡ್ಡಿ ಲೆಕ್ಕ ಇನ್ನೂ ಸೇರಿಸಿಲ್ಲ.

ಇಲ್ಲಿಂದ ಸುತ್ತು ಶುರುವಾಗುತ್ತದೆ. ಹತ್ತಿ ಮಿಲ್‌ಗಳ ಊರಾಗಿದ್ದ ದಾವಣಗೆರೆಗೆ ಈ ಸುತ್ತು ಚೆನ್ನಾಗಿ ಗೊತ್ತು. ಮಿಲ್ ಮುಚ್ಚಿದರೆ ಸಂಬಳ ನಿಲ್ಲುವುದು ಕೆಲಸಗಾರನಿಗೆ ಮಾತ್ರ ಅಲ್ಲ. ಅವನು ಸಂಜೆ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದ ಅಂಗಡಿಯವನ ವ್ಯಾಪಾರ ಇಳಿಯುತ್ತದೆ, ಅವನಿಗೆ ಮಂಡಕ್ಕಿ ಕೊಡುತ್ತಿದ್ದ ಭಟ್ಟಿಯವನ ಆರ್ಡರ್ ಇಳಿಯುತ್ತದೆ, ಭಟ್ಟಿಯವನು ಒಬ್ಬ ಆಳನ್ನು ಬಿಡಿಸುತ್ತಾನೆ, ಆ ಆಳಿನ ಮನೆಯವರು ಬಟ್ಟೆ ತೆಗೆಯುವುದನ್ನು ಮುಂದಿನ ಹಬ್ಬಕ್ಕೆ ಹಾಕುತ್ತಾರೆ, ಬಟ್ಟೆ ಹೋಗದಿದ್ದರೆ ಮತ್ತೊಂದು ಮಿಲ್‌ಗೆ ಪೆಟ್ಟು. ಇದರಲ್ಲಿ ಯಾರದ್ದೂ ತಪ್ಪಿಲ್ಲ. ಎಲ್ಲರೂ ಜಾಗ್ರತೆಯಿಂದ ಖರ್ಚು ಕಡಿಮೆ ಮಾಡಿದರು, ಹಾಗಾಗಿ ಎಲ್ಲರ ಆದಾಯವೂ ಕಡಿಮೆಯಾಯಿತು. ಇಂಥ ಹೊತ್ತಲ್ಲಿ ಖರ್ಚು ಮಾಡುವ ಧೈರ್ಯ ಸರ್ಕಾರಕ್ಕೆ ಬಿಟ್ಟು ಬೇರೆ ಯಾರಿಗೂ ಇರುವುದಿಲ್ಲ. ರೂಸ್ವೆಲ್ಟ್‌ಗಿಂತ ಮುಂಚೆ ಇದ್ದ ಹರ್ಬರ್ಟ್ ಹೂವರ್ ಕೈಕಟ್ಟಿ ಕೂತಿರಲಿಲ್ಲ, 1932ರಲ್ಲಿ ಬ್ಯಾಂಕು, ರೈಲ್ವೆ ಕಂಪನಿಗಳಿಗೆ ಸಾಲ ಕೊಡಲು ಒಂದು ಸಂಸ್ಥೆಯನ್ನೇ ಮಾಡಿದ್ದರು. ಆದರೆ ಬಜೆಟ್ ಸರಿದೂಗಿಸಬೇಕು ಅಂತ ಅದೇ ವರ್ಷ ತೆರಿಗೆಯನ್ನೂ ಏರಿಸಿದರು.

ನಮ್ಮ ಕಡೆ ಆಗ ಹೇಗಿತ್ತು? ಭಾರತದಲ್ಲೂ ಬೆಳೆಗಳ ಬೆಲೆ ಹೆಚ್ಚೂಕಡಿಮೆ ಅರ್ಧಕ್ಕೆ ಬಿತ್ತು. ಬ್ರಿಟಿಷ್ ಇಂಡಿಯಾ ಸರ್ಕಾರ ಖರ್ಚು ಕಡಿತ ಮಾಡಿತು. ಕಂದಾಯ ಕಟ್ಟಬೇಕಾದದ್ದು ರೂಪಾಯಿಯಲ್ಲಿ, ಹಾಗಾಗಿ ರೈತನಿಗೆ ಅದರ ಭಾರ ಎರಡು ಪಟ್ಟಾಯಿತು. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಚಿನ್ನದ ಮಾನಕ (ದುಡ್ಡಿನ ಬೆಲೆಯನ್ನು ಇಷ್ಟು ಚಿನ್ನಕ್ಕೆ ಅಂತ ಕಟ್ಟಿಡುವ ಪದ್ಧತಿ) ಬಿಟ್ಟ ಮೇಲೆ ಚಿನ್ನದ ಬೆಲೆ ಏರಿತು, ಸಾಲಕ್ಕೂ ಕಂದಾಯಕ್ಕೂ ಅಂತ ಹಳ್ಳಿಗಳ ಮನೆಗಳಿಂದ ಒಡವೆಗಳು ಹೊರಬಂದವು, ಆ ಚಿನ್ನ ರಾಶಿ ರಾಶಿಯಾಗಿ ಹಡಗು ಹತ್ತಿ ಲಂಡನ್‌ಗೆ ಹೋಯಿತು. ಇಲ್ಲಿ ಪರಿಹಾರವೂ ಬರಲಿಲ್ಲ, ಸುಧಾರಣೆಯೂ ಬರಲಿಲ್ಲ. ಹೆಂಗಸರ ಕೊರಳಿನ ಚಿನ್ನವೇ ಪರಿಹಾರ ನಿಧಿ ಆಯಿತು.

ರೂಸ್ವೆಲ್ಟ್ ಅಧಿಕಾರ ತಗೊಂಡಿದ್ದು 1933ರ ಮಾರ್ಚ್ 4ರಂದು. ಎರಡೇ ದಿನಕ್ಕೆ ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ ಕೊಟ್ಟು ಬಾಗಿಲು ಹಾಕಿಸಿದರು. ಕೇಳೋಕೆ ಗಾಬರಿಯಾಗುತ್ತದೆ. ಆದರೆ ಆಗ ಜನ ಸಾಲುಗಟ್ಟಿ ದುಡ್ಡು ತೆಗೆಯುತ್ತಿದ್ದರು, ಗಟ್ಟಿ ಬ್ಯಾಂಕು ಕೂಡ ಒಂದೇ ವಾರದಲ್ಲಿ ಮುಳುಗುವ ಸ್ಥಿತಿ ಇತ್ತು. ಯಾವ ಬ್ಯಾಂಕಾದರೂ ಅಷ್ಟೇ, ನೀವು ಇಟ್ಟ ಹಣ ಅಲ್ಲಿ ಪೆಟ್ಟಿಗೆಯಲ್ಲಿ ಇರುವುದಿಲ್ಲ, ಯಾರದೋ ಮನೆ ಸಾಲವಾಗಿ, ಅಂಗಡಿ ಸಾಲವಾಗಿ ಹೊರಗಿರುತ್ತದೆ. ಎಲ್ಲರೂ ಒಂದೇ ದಿನ ಕೇಳಿದರೆ ಕೊಡೋಕೆ ಯಾರಿಂದಲೂ ಆಗಲ್ಲ. ಹಾಗಾಗಿ ರಜೆ ಕೊಟ್ಟು, ಲೆಕ್ಕ ತಪಾಸಣೆ ಮಾಡಿ, ಸರಿ ಇರುವ ಬ್ಯಾಂಕುಗಳನ್ನು ಮಾತ್ರ ಮತ್ತೆ ತೆರೆಯುತ್ತೇವೆ ಅಂದರು. ಮಾರ್ಚ್ 12, ಭಾನುವಾರ ರಾತ್ರಿ, ರೂಸ್ವೆಲ್ಟ್ ರೇಡಿಯೊದಲ್ಲಿ ಕೂತು ಬ್ಯಾಂಕು ಹೇಗೆ ನಡೆಯುತ್ತದೆ ಅನ್ನುವುದನ್ನು ಮನೆಮಂದಿಗೆಲ್ಲ ಅರ್ಥವಾಗುವ ಹಾಗೆ ವಿವರಿಸಿದರು, ದುಡ್ಡನ್ನು ಹಾಸಿಗೆ ಕೆಳಗೆ ಇಡುವುದಕ್ಕಿಂತ ತೆರೆದ ಬ್ಯಾಂಕಲ್ಲಿ ಇಡುವುದೇ ಭದ್ರ ಅಂತ ಹೇಳಿದರು. ಮಾರನೇ ದಿನ ದೊಡ್ಡ ಊರುಗಳಲ್ಲಿ ಬ್ಯಾಂಕು ತೆರೆದಾಗ ಮತ್ತೆ ಸಾಲು ನಿಂತಿತ್ತು. ಈ ಸಲ ದುಡ್ಡು ವಾಪಸ್ ಕಟ್ಟೋಕೆ.

ಇದು ಪರಿಹಾರ. ಸುಧಾರಣೆ ಬಂದಿದ್ದು ಅದೇ ವರ್ಷ ಜೂನ್‌ನಲ್ಲಿ, ಠೇವಣಿ ವಿಮೆ ರೂಪದಲ್ಲಿ. ಬ್ಯಾಂಕು ಮುಳುಗಿದರೂ 2,500 ಡಾಲರ್‌ವರೆಗೆ ನಿಮ್ಮ ಹಣಕ್ಕೆ ಸರ್ಕಾರಿ ಸಂಸ್ಥೆ ಹೊಣೆ ಅಂತ ಆಯಿತು, 1934ರ ಜನವರಿಯಿಂದ ಜಾರಿಗೂ ಬಂತು. ರೂಸ್ವೆಲ್ಟ್‌ಗೆ ಮೊದಲು ಇದು ಇಷ್ಟವಿರಲಿಲ್ಲ, ಸಂಸತ್ತಿನ ಒತ್ತಾಯಕ್ಕೆ ಒಪ್ಪಿದರು. 1933ರಲ್ಲಿ ಸುಮಾರು 4,000 ಬ್ಯಾಂಕುಗಳು ಮುಚ್ಚಿದ್ದವು. 1934ರಲ್ಲಿ ವಿಮೆ ಇದ್ದ ಬ್ಯಾಂಕುಗಳಲ್ಲಿ ಮುಚ್ಚಿದ್ದು 9. ದುಡ್ಡು ಭದ್ರ ಅಂತ ಗೊತ್ತಾದರೆ ಯಾರೂ ಓಡಿಹೋಗಿ ಸಾಲಲ್ಲಿ ನಿಲ್ಲುವುದಿಲ್ಲ, ಸಾಲು ನಿಲ್ಲದಿದ್ದರೆ ಬ್ಯಾಂಕು ಮುಳುಗುವುದೂ ಕಡಿಮೆ. ಇಡೀ ನ್ಯೂ ಡೀಲ್‌ನಲ್ಲಿ ನನಗೆ ತುಂಬಾ ಮೆಚ್ಚುಗೆಯಾಗುವ ಕೆಲಸ ಇದು. ಖರ್ಚು ಕಡಿಮೆ, ಫಲ ಇವತ್ತಿಗೂ ಇದೆ.

ಈ ವಿಮೆ ಭಾರತಕ್ಕೆ ಬಂದಿದ್ದು 1962ರಲ್ಲಿ, ಆಗ ಮಿತಿ 1,500 ರೂಪಾಯಿ. 2020ರ ಫೆಬ್ರವರಿಯಲ್ಲಿ ಅದು 5 ಲಕ್ಷ ಆಯಿತು, ಅಸಲು ಬಡ್ಡಿ ಎರಡೂ ಸೇರಿ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು, ಯಾಕಂದರೆ ನಮ್ಮ ಕಡೆ ತುಂಬಾ ಜನ ಗಮನಿಸುವುದಿಲ್ಲ. ವಾಣಿಜ್ಯ ಬ್ಯಾಂಕಿಗೂ ಸಹಕಾರಿ ಬ್ಯಾಂಕಿಗೂ ಈ ವಿಮೆ ಇದೆ. ಪತ್ತಿನ ಸಹಕಾರ ಸಂಘದಲ್ಲಿ ಇಟ್ಟ ಠೇವಣಿಗೆ ಇಲ್ಲ. ಬೋರ್ಡು, ಪಾಸ್‌ಬುಕ್ಕು, ಪಿಗ್ಮಿ ಕಟ್ಟಿಸಿಕೊಳ್ಳಲು ಬರುವ ಹುಡುಗ ಎಲ್ಲ ಒಂದೇ ಥರ ಕಾಣುತ್ತದೆ. ಬಡ್ಡಿ ಅರ್ಧ ಪರ್ಸೆಂಟ್ ಜಾಸ್ತಿ ಅಂತ ಮಗಳ ಮದುವೆ ದುಡ್ಡನ್ನು ಅಲ್ಲಿ ಇಡುವ ಮುಂಚೆ ಇದು ಬ್ಯಾಂಕೋ ಸಂಘವೋ ಅಂತ ಕೇಳಿ ತಿಳಿದುಕೊಳ್ಳಿ.

ಇನ್ನು ಕೆಲಸ ಕೊಡುವ ಯೋಜನೆಗಳು. ಮೊದಲು ಬಂದಿದ್ದು ಯುವಕರ ಅರಣ್ಯ ಪಡೆ. 18ರಿಂದ 25 ವಯಸ್ಸಿನ, ಮದುವೆಯಾಗದ, ಕೆಲಸ ಇಲ್ಲದ ಹುಡುಗರನ್ನು ಶಿಬಿರಕ್ಕೆ ಸೇರಿಸಿಕೊಂಡು ಊಟ, ಬಟ್ಟೆ, ತಿಂಗಳಿಗೆ 30 ಡಾಲರ್ ಕೊಡುತ್ತಿದ್ದರು. ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು, ಹುಡುಗನ ಕೈಗೆ ಐದೇ. ಈ ಒಂದು ನಿಯಮದಲ್ಲಿ ಎಷ್ಟು ಬುದ್ಧಿ ಇದೆ ನೋಡಿ. ಕಾಡಿನ ಶಿಬಿರದಲ್ಲಿ ಖರ್ಚು ಮಾಡೋಕೆ ಏನಿದೆ? ಊರಲ್ಲಿರುವ ತಾಯಿಯ ಕೈಗೆ 25 ಡಾಲರ್ ಬಂದರೆ ಅದು ಅವತ್ತೇ ದಿನಸಿ ಅಂಗಡಿಗೆ ಹೋಗುತ್ತದೆ, ನಿಂತುಹೋಗಿದ್ದ ಸುತ್ತು ಮತ್ತೆ ತಿರುಗುತ್ತದೆ. ಒಂಬತ್ತು ವರ್ಷದಲ್ಲಿ ಸುಮಾರು 30 ಲಕ್ಷ ಹುಡುಗರು ಈ ಪಡೆಯಲ್ಲಿ ದುಡಿದರು, ಸುಮಾರು 300 ಕೋಟಿ ಗಿಡ ನೆಟ್ಟರು. ಆದರೆ ಕರಿಯರಿಗೂ ಬಿಳಿಯರಿಗೂ ಶಿಬಿರ ಬೇರೆ ಬೇರೆ ಇತ್ತು ಅನ್ನುವುದನ್ನೂ ಹೇಳಲೇಬೇಕು.

1935ರಲ್ಲಿ ಇದಕ್ಕಿಂತ ದೊಡ್ಡ ಯೋಜನೆ ಬಂತು, ಡಬ್ಲ್ಯುಪಿಎ, ಅಂದರೆ ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್. ನಡೆಸಿದವರು ಹ್ಯಾರಿ ಹಾಪ್ಕಿನ್ಸ್. ಸುಮ್ನೆ ದುಡ್ಡು ಕೊಟ್ಟರೆ ಹೊಟ್ಟೆ ತುಂಬುತ್ತದೆ, ಕೆಲಸ ಕೊಟ್ಟರೆ ಮನುಷ್ಯನ ಮರ್ಯಾದೆಯೂ ಉಳಿಯುತ್ತದೆ ಅನ್ನುವುದು ಅವರ ನಂಬಿಕೆ. 1943ರವರೆಗೆ ಸುಮಾರು 85 ಲಕ್ಷ ಜನಕ್ಕೆ ಅದರಲ್ಲಿ ಕೆಲಸ ಸಿಕ್ಕಿತು. ರಸ್ತೆ, ಸೇತುವೆ, ಶಾಲೆ ಕಟ್ಟಿದರು. ಕಲಾವಿದರಿಗೆ, ಬರಹಗಾರರಿಗೆ, ಸಂಗೀತಗಾರರಿಗೂ ಸಂಬಳ ಕೊಟ್ಟರು. ಕೆಂಟಕಿ ರಾಜ್ಯದ ಗುಡ್ಡಗಾಡಿನಲ್ಲಿ ಹೆಂಗಸರು ಕುದುರೆ ಮೇಲೆ ಚೀಲದಲ್ಲಿ ಪುಸ್ತಕ ಹೇರಿಕೊಂಡು, ಹಳ್ಳ ದಾಟಿ, ರಸ್ತೆ ಇಲ್ಲದ ಮನೆಗಳಿಗೆ ಓದೋಕೆ ಕೊಟ್ಟು ಬರುತ್ತಿದ್ದರು. ಅದೂ ಈ ಯೋಜನೆಯ ಕೂಲಿಯೇ. ಆದರೆ ಒಂದು ಮನೆಗೆ ಒಬ್ಬರಿಗೇ ಕೆಲಸ ಅನ್ನುವ ನಿಯಮ ಇದ್ದದ್ದರಿಂದ ಹೆಂಗಸರಿಗೆ ಸಿಕ್ಕಿದ್ದು ಕಡಿಮೆ, ಸಿಕ್ಕವರಲ್ಲೂ ಬಹಳಷ್ಟು ಜನ ಹೊಲಿಗೆ ಕೋಣೆಗೆ ಹೋದರು.

ಚಿತ್ರದುರ್ಗ, ದಾವಣಗೆರೆಯವರಿಗೆ ಇಂಥ ಯೋಜನೆ ಹೊಸದಲ್ಲ. 2006ರ ಫೆಬ್ರವರಿಯಲ್ಲಿ ಉದ್ಯೋಗ ಖಾತ್ರಿ ಶುರುವಾದಾಗ ಮೊದಲ ಹಂತದಲ್ಲಿ ದೇಶದ 200 ಜಿಲ್ಲೆಗಳನ್ನು ಆರಿಸಿದರು, ಕರ್ನಾಟಕದಿಂದ ಐದು. ಅದರಲ್ಲಿ ಎರಡು ನಮ್ಮವು. ಕೆರೆ ಹೂಳು, ಕೃಷಿ ಹೊಂಡ, ಬದು, ಅಡಿಕೆ ಗುಂಡಿ, ಇವೆಲ್ಲ ಈ ಲೆಕ್ಕದಲ್ಲೇ ಆದವು. ಅಮೆರಿಕದ ಡಬ್ಲ್ಯುಪಿಎಗೂ ನಮ್ಮ ಖಾತ್ರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಅಲ್ಲಿ ಕೆಲಸ ಕೊಡುವುದು ಸರ್ಕಾರದ ಮನಸ್ಸಿಗೆ, ಬಜೆಟ್ಟಿಗೆ ಬಿಟ್ಟಿದ್ದು. ದುಡ್ಡು ಕಡಿಮೆಯಾದರೆ ಲಕ್ಷಗಟ್ಟಲೆ ಜನರನ್ನು ಮನೆಗೆ ಕಳಿಸಬಹುದಿತ್ತು, ಕಳಿಸಿದ್ದೂ ಉಂಟು. ಇಲ್ಲಿ 2005ರ ಕಾಯ್ದೆ ಕೆಲಸ ಕೇಳುವುದನ್ನೇ ಹಕ್ಕು ಮಾಡಿತು. ನಮೂನೆ 6 ತುಂಬಿ ಕೊಟ್ಟರೆ ಹದಿನೈದು ದಿನದಲ್ಲಿ ಕೆಲಸ, ಕೊಡದಿದ್ದರೆ ನಿರುದ್ಯೋಗ ಭತ್ಯೆ ಅಂತ ಬರೆಯಿತು. ಎಷ್ಟು ಪಂಚಾಯಿತಿಗಳಲ್ಲಿ ಆ ಅರ್ಜಿಗೆ ಸ್ವೀಕೃತಿ ಕೊಟ್ಟರು ಅನ್ನುವುದು ಬೇರೆ ಮಾತು, ಕೂಲಿ ತಿಂಗಳುಗಟ್ಟಲೆ ತಡವಾಗುವ ಗೋಳು ಗೊತ್ತಿಲ್ಲದವರು ಹಳ್ಳಿಯಲ್ಲಿ ಇಲ್ಲ. ಆದರೂ ಪರಿಹಾರವನ್ನು ಹಕ್ಕಾಗಿ ಬರೆದಿದ್ದು ದೊಡ್ಡ ಸುಧಾರಣೆ, ಆ ಮಟ್ಟಕ್ಕೆ ಅಮೆರಿಕ ಹೋಗಲಿಲ್ಲ.

ಕಾರ್ಮಿಕರ ವಿಷಯಕ್ಕೆ ಬಂದರೆ ಫ್ರಾನ್ಸಿಸ್ ಪರ್ಕಿನ್ಸ್ ಹೆಸರು ಹೇಳದೆ ಮುಂದೆ ಹೋಗಬಾರದು. ಅಮೆರಿಕದ ಮೊದಲ ಮಹಿಳಾ ಸಚಿವೆ, 12 ವರ್ಷ ಕಾರ್ಮಿಕ ಖಾತೆ ನೋಡಿಕೊಂಡವರು. 1911ರಲ್ಲಿ ನ್ಯೂಯಾರ್ಕ್‌ನ ಒಂದು ಬಟ್ಟೆ ಫ್ಯಾಕ್ಟರಿಗೆ ಬೆಂಕಿ ಬಿದ್ದು 146 ಜನ ಸತ್ತರು, ಹೆಚ್ಚಿನವರು ಎಳೆಯ ಹುಡುಗಿಯರು. ಬಾಗಿಲಿಗೆ ಬೀಗ ಹಾಕಿದ್ದರಿಂದ ಕಿಟಕಿಯಿಂದ ಹಾರಿದರು. ಪರ್ಕಿನ್ಸ್ ಬೀದಿಯಲ್ಲಿ ನಿಂತು ಅದನ್ನು ಕಣ್ಣಾರೆ ನೋಡಿದ್ದರು. ಸಚಿವೆಯಾದ ಮೇಲೆ ಅವರು ಹಟ ಹಿಡಿದು ಮಾಡಿಸಿದ ಕಾನೂನುಗಳಲ್ಲಿ ಎರಡು ಮುಖ್ಯ. 1935ರ ಆಗಸ್ಟ್ 14ರ ಸಾಮಾಜಿಕ ಭದ್ರತಾ ಕಾಯ್ದೆ ಮುಪ್ಪಿನಲ್ಲಿ ಪಿಂಚಣಿ, ಕೆಲಸ ಹೋದಾಗ ಭತ್ಯೆ ತಂದಿತು. 1938ರ ಕಾಯ್ದೆ ಗಂಟೆಗೆ ಕನಿಷ್ಠ 25 ಸೆಂಟ್ ಕೂಲಿ ನಿಗದಿ ಮಾಡಿ ಬಾಲಕಾರ್ಮಿಕ ಪದ್ಧತಿಗೆ ಕಡಿವಾಣ ಹಾಕಿತು. ಪಿಂಚಣಿಗೆ ಕೆಲಸಗಾರನ ಸಂಬಳದಿಂದ ಒಂದು ಪರ್ಸೆಂಟ್, ಮಾಲೀಕನಿಂದ ಒಂದು ಪರ್ಸೆಂಟ್ ಹಿಡಿಯುತ್ತಿದ್ದರು, ನಮ್ಮ ಪಿಎಫ್ ಹಿಡಿಯುವ ಹಾಗೆ. ಮೊದಲ ತಿಂಗಳ ಪಿಂಚಣಿ ಸಿಕ್ಕಿದ್ದು 1940ರ ಜನವರಿಯಲ್ಲಿ, ಐಡಾ ಮೇ ಫುಲ್ಲರ್ ಅನ್ನುವ ಹೆಂಗಸಿಗೆ, 22 ಡಾಲರ್ 54 ಸೆಂಟ್.

ವಿದ್ಯುತ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. 1935ರ ಸುಮಾರಿಗೆ ಅಮೆರಿಕದ ಹತ್ತು ರೈತರ ಮನೆಗಳಲ್ಲಿ ಒಂದಕ್ಕೆ ಮಾತ್ರ ಕರೆಂಟ್ ಇತ್ತು. ಹಳ್ಳಿಗೆ ಲೈನ್ ಎಳೆದರೆ ಲಾಭ ಇಲ್ಲ ಅಂತ ಕಂಪನಿಗಳು ಹೋಗಿರಲಿಲ್ಲ. ಸರ್ಕಾರ ಕಡಿಮೆ ಬಡ್ಡಿಗೆ ಸಾಲ ಕೊಟ್ಟಿತು, ರೈತರೇ ಸಹಕಾರ ಸಂಘ ಮಾಡಿ ಲೈನ್ ಎಳೆಸಿಕೊಂಡರು. 1950ರ ದಶಕ ಶುರುವಾಗುವ ಹೊತ್ತಿಗೆ ಹತ್ತರಲ್ಲಿ ಒಂಬತ್ತು ಮನೆಗೆ ದೀಪ ಬಂದಿತ್ತು.

ಹಾಗಾದರೆ ಇದರಿಂದ ಕುಸಿತ ಮುಗಿಯಿತಾ? ಪೂರ್ತಿ ಮುಗಿಯಲಿಲ್ಲ. 1933ರಿಂದ 1937ರವರೆಗೆ ಚೇತರಿಕೆ ಜೋರಾಗಿತ್ತು. ಆಗ ರೂಸ್ವೆಲ್ಟ್‌ಗೂ ಬಜೆಟ್ ಸರಿದೂಗಿಸುವ ಆತುರ ಬಂತು. ಖರ್ಚು ಕಡಿತ ಮಾಡಿದರು, ಡಬ್ಲ್ಯುಪಿಎಯಿಂದ ಜನರನ್ನು ಬಿಡಿಸಿದರು, ಅದೇ ಹೊತ್ತಿಗೆ ಪಿಂಚಣಿಯ ಒಂದು ಪರ್ಸೆಂಟ್ ಕಡಿತ ಶುರುವಾಯಿತು, ಕೇಂದ್ರ ಬ್ಯಾಂಕು ಕೂಡ ಬ್ಯಾಂಕುಗಳು ಮೀಸಲಿಡಬೇಕಾದ ಹಣವನ್ನು ಎರಡು ಪಟ್ಟು ಮಾಡಿತು. ಎಲ್ಲ ಸೇರಿ ಚಕ್ರ ಮತ್ತೆ ಹಿಂದಕ್ಕೆ ತಿರುಗಿತು. ಸುಮಾರು 14 ಪರ್ಸೆಂಟ್‌ಗೆ ಇಳಿದಿದ್ದ ನಿರುದ್ಯೋಗ 1938ರಲ್ಲಿ 19ಕ್ಕೆ ಏರಿತು. 1938ರ ಏಪ್ರಿಲ್‌ನಲ್ಲಿ ಮತ್ತೆ ಖರ್ಚು ಶುರು ಮಾಡಿದ ಮೇಲೆ ಇಳಿಯಿತು. ಪೂರ್ತಿ ಕೆಲಸ ಸಿಕ್ಕಿದ್ದು ಎರಡನೇ ಮಹಾಯುದ್ಧದ ಖರ್ಚು ಬಂದಮೇಲೆ. ಇದನ್ನು ಹಿಡಿದು ನ್ಯೂ ಡೀಲ್ ಸೋತಿತು ಅನ್ನುವವರು ಇದ್ದಾರೆ. ಅವರು ಕೊಡುವ ಅಂಕಿಯಲ್ಲಿ ಒಂದು ವಿಷಯ ಅಡಗಿದೆ. ಆ ಕಾಲದ ಪ್ರಚಲಿತ ಲೆಕ್ಕದಲ್ಲಿ ಡಬ್ಲ್ಯುಪಿಎ ರಸ್ತೆ ಮೇಲೆ ದಿನವಿಡೀ ದುಡಿದು ಕೂಲಿ ತಗೊಂಡವನನ್ನೂ ನಿರುದ್ಯೋಗಿ ಅಂತಲೇ ಎಣಿಸಿದ್ದಾರೆ. ಅವರನ್ನು ಕೆಲಸಗಾರರ ಕಡೆ ಸೇರಿಸಿದರೆ ಅಂಕಿ ಬಹಳ ಕೆಳಗೆ ಬರುತ್ತದೆ. ನನಗೆ ಕಾಣುವುದು ಇಷ್ಟು: ಔಷಧಿ ಕೆಲಸ ಮಾಡಿತು, ಪ್ರಮಾಣ ಕಡಿಮೆಯಾಯಿತು, ನಡುವೆ ಬೇಗ ನಿಲ್ಲಿಸಿದರು.

ಈಗ ಹೊರಗೆ ಉಳಿದವರ ವಿಷಯ. ನ್ಯೂ ಡೀಲ್‌ನ ಕೃಷಿ ಕಾಯ್ದೆ ಬಂದಿದ್ದು 1933ರ ಮೇನಲ್ಲಿ. ಬೆಳೆ ಜಾಸ್ತಿಯಾಗಿ ಬೆಲೆ ಬಿದ್ದಿದೆ, ಬೆಳೆ ಕಡಿಮೆ ಮಾಡಿದರೆ ದುಡ್ಡು ಕೊಡುತ್ತೇವೆ ಅಂದರು. ಕಾಯ್ದೆ ಬರುವ ಹೊತ್ತಿಗೆ ಹತ್ತಿ ಬಿತ್ತಿ ಆಗಿತ್ತು. ಹಾಗಾಗಿ ಸುಮಾರು ಒಂದು ಕೋಟಿ ಎಕರೆ ಹಸಿರು ಹತ್ತಿಯನ್ನು ಉತ್ತು ಮಣ್ಣಿಗೆ ಸೇರಿಸಿದರು, ಸುಮಾರು 60 ಲಕ್ಷ ಹಂದಿಗಳನ್ನು ಕೊಂದರು. ಜನ ಹಸಿದಿದ್ದಾಗ ಹೀಗೆ ಮಾಡಿದ್ದನ್ನು ಕೇಳಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಬೆಲೆ ಏರಿತು, ಅದು ನಿಜ. ಆದರೆ ಚೆಕ್ ಹೋಗಿದ್ದು ಜಮೀನಿನ ಮಾಲೀಕನಿಗೆ. ಪಾಲಿಗೆ ಉಳುತ್ತಿದ್ದವನಿಗೆ ಅದರಲ್ಲಿ ಪಾಲು ಕೊಡಬೇಕು ಅಂತ ಕಾಗದದಲ್ಲಿ ಇತ್ತು. ಎಷ್ಟೋ ಮಾಲೀಕರು ಕೊಡಲಿಲ್ಲ. ಹೊಲ ಬೀಳು ಬಿಟ್ಟರೆ ದುಡ್ಡು ಬರುತ್ತದೆ ಅಂದಮೇಲೆ ಉಳುವವನು ಯಾಕೆ ಬೇಕು? ದಕ್ಷಿಣದ ರಾಜ್ಯಗಳಲ್ಲಿ ಕರಿಯರು ಬಿಳಿಯರು ಅನ್ನದೆ ಎಷ್ಟೋ ಬಡ ಸಂಸಾರಗಳು ಗಂಟುಮೂಟೆ ಕಟ್ಟಿ ರಸ್ತೆಗೆ ಬಂದವು. 1934ರಲ್ಲಿ ಅರ್ಕಾನ್ಸಾ ರಾಜ್ಯದಲ್ಲಿ ಅವರು ಸೇರಿ ಸಂಘ ಕಟ್ಟಿದರು, ಅದರಲ್ಲಿ ಎರಡೂ ಬಣ್ಣದವರು ಒಟ್ಟಿಗೆ ಇದ್ದರು.

ನಮ್ಮ ಕಡೆ ಕೋರಿಗೆ, ಲಾವಣಿಗೆ ಹೊಲ ಮಾಡುವವರ ಕಥೆ ಇದಕ್ಕೆ ದೂರ ಇಲ್ಲ. ಬೀಜ ಅವನದು, ಗೊಬ್ಬರ ಅವನದು, ಸಾಲ ಅವನದು. ಪಹಣಿ ಮಾತ್ರ ಊರು ಬಿಟ್ಟು ಹೋದ ಮಾಲೀಕನ ಹೆಸರಲ್ಲಿ. ಬೆಳೆ ಹೋದಾಗ ಪರಿಹಾರ ಬರುವುದು ಪಹಣಿಗೆ, ಫ್ರೂಟ್ಸ್ ಐಡಿಗೆ (ಸರ್ಕಾರ ರೈತನಿಗೆ ಕೊಡುವ ನೋಂದಣಿ ಸಂಖ್ಯೆ), ಅದಕ್ಕೆ ಜೋಡಿಸಿದ ಬ್ಯಾಂಕ್ ಖಾತೆಗೆ. ಎಪಿಎಂಸಿಯಲ್ಲಿ ಬೆಂಬಲ ಬೆಲೆಗೆ ಖರೀದಿ ಕೇಂದ್ರ ತೆರೆದರೂ ಹೆಸರು ನೋಂದಾಯಿಸಲು ಅದೇ ಕಾಗದ ಕೇಳುತ್ತಾರೆ, ಲಾವಣಿಯವನು ಟ್ರ್ಯಾಕ್ಟರ್‌ನಲ್ಲಿ ಮಾಲು ಹೇರಿಕೊಂಡು ಬಂದಿದ್ದರೂ ದಲ್ಲಾಳಿ ಹೇಳಿದ ರೇಟಿಗೆ ಸುರಿದು ಹೋಗಬೇಕು. ಇದಕ್ಕೆ ಒಂದು ಕಾರಣ ನಮ್ಮದೇ ಒಂದು ದೊಡ್ಡ ಸುಧಾರಣೆ. ಉಳುವವನೇ ಹೊಲದೊಡೆಯ ಅಂತ 1974ರಲ್ಲಿ ತಿದ್ದಿದ ಭೂಸುಧಾರಣಾ ಕಾಯ್ದೆ ಗೇಣಿಯನ್ನೇ ನಿಷೇಧಿಸಿತು, ಲಕ್ಷಾಂತರ ಗೇಣಿದಾರರಿಗೆ ಭೂಮಿಯೂ ಬಂತು. ಆದರೆ ನಿಷೇಧ ಇರುವುದರಿಂದ ಇವತ್ತಿನ ಲಾವಣಿ ಬರೀ ಬಾಯಿಮಾತಲ್ಲಿ ನಡೆಯುತ್ತದೆ. ಕಾಗದ ಮಾಡಿದರೆ ಮಾಲೀಕನಿಗೆ ಭೂಮಿ ಹೋಗುವ ಭಯ. ಕಾಗದ ಇಲ್ಲದಿದ್ದರೆ ಉಳುವವನು ಸರ್ಕಾರದ ಕಣ್ಣಿಗೆ ಕಾಣುವುದೇ ಇಲ್ಲ.

ಅಮೆರಿಕದ ಪಿಂಚಣಿ ಕಾಯ್ದೆಯಲ್ಲೂ ಹೀಗೇ ಆಯಿತು. 1935ರಲ್ಲಿ ಹೊಲದ ಕೂಲಿಯವರನ್ನು, ಮನೆಗೆಲಸದವರನ್ನು ಪಟ್ಟಿಯಿಂದ ಹೊರಗಿಟ್ಟರು. ದುಡಿಯುವ ಕರಿಯರಲ್ಲಿ ಬಹುಪಾಲು ಜನ ಇದ್ದದ್ದೇ ಈ ಎರಡು ಕೆಲಸಗಳಲ್ಲಿ. ಅವರನ್ನು ಒಳಗೆ ತಂದಿದ್ದು 1950 ಮತ್ತು 1954ರ ತಿದ್ದುಪಡಿಗಳು. ಕಾಯ್ದೆ ಬಂದಾಗ ಐವತ್ತು ವರ್ಷ ದಾಟಿದ್ದ ಹೊಲದ ಆಳುಗಳಿಗೆ ಆ ಹೊತ್ತಿಗೆ ದುಡಿಯುವ ವಯಸ್ಸು ಮುಗಿದುಹೋಗಿತ್ತು.